‘ಇಲ್ಲಿ ಒತ್ತಿ’ ಅಂದರೆ ಎಲ್ಲಿ?

ಬ್ಯಾಂಕು, ಅಂಗಡಿ, ಕಚೇರಿ, ಸಂಘ-ಸಂಸ್ಥೆಗಳ ಪರವಾಗಿ ಒಮ್ಮೆಲೇ ಸಾವಿರಾರು ಜನರಿಗೆ ಇಮೇಲ್ ಕಳಿಸುವವರಿಗೂ, ಆ ಮೇಲ್‌ಗಳ ಟೆಂಪ್ಲೇಟ್ ಬರೆಯುವ ಡೆವಲಪರುಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಕಳಿಸಿದ ಮೇಲ್ ತಲುಪಿದೆ. ಅದರಲ್ಲಿದ್ದದ್ದು ಇಷ್ಟು: ‘ನಿಮ್ಮ ಬಿಲ್ ಸಿದ್ಧವಾಗಿದೆ. ನೋಡಲು ಇಲ್ಲಿ ಒತ್ತಿ. ತೊಂದರೆಯಾದರೆ ಇಲ್ಲಿ ಒತ್ತಿ. ಇಂಥ ಮೇಲ್ ಬೇಡವಾದರೆ ಇಲ್ಲಿ ಒತ್ತಿ.’ ಮೂರು ‘ಇಲ್ಲಿ’ಗಳಿವೆ, ಒಂದೂ ಎಲ್ಲಿಗೂ ಹೋಗುವುದಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೆ. ನೀಲಿ ಬಣ್ಣ ಕಾಣದು, ಅಡಿಗೆರೆ ಕಾಣದು, ಒತ್ತಲು ಗುಂಡಿಯೂ ಇಲ್ಲ. ಮದುವೆ ಕರೆಯೋಲೆಯಲ್ಲಿ ವಧೂವರರ ಹೆಸರು, ಮುಹೂರ್ತ, ‘ಸಕುಟುಂಬ ಸಪರಿವಾರ ಸಮೇತ’ ಎಲ್ಲವೂ ಅಂದವಾಗಿ ಅಚ್ಚಾಗಿ ಛತ್ರದ ವಿಳಾಸ ಮಾತ್ರ ಬಿಟ್ಟುಹೋದ ಹಾಗೆ.

ತಪ್ಪು ಓದುವವರ ತಂತ್ರಾಂಶದ್ದು ಎಂದು ನಿಮಗೆ ಅನ್ನಿಸಬಹುದು. ಅದು ಅರ್ಧ ನಿಜ. ಉಳಿದರ್ಧಕ್ಕಾಗಿ ಈ ಪತ್ರ.

ಈ ಕಾಲದಲ್ಲೂ ಕಪ್ಪು ಕಿಟಕಿಯಲ್ಲಿ ಅಂಚೆ ಓದುವವರು ಯಾರು ಎಂಬ ಪ್ರಶ್ನೆ ಮೊದಲು ಬರುತ್ತದೆ. ದೂರದ ಸರ್ವರಿಗೆ ಲಾಗಿನ್ ಆಗಿ ಇಡೀ ದಿನ ಅಲ್ಲೇ ಕೆಲಸ ಮಾಡುವ ನಿರ್ವಾಹಕರಿದ್ದಾರೆ. ಕೀಬೋರ್ಡಿನಿಂದ ಕೈಯೆತ್ತಲು ಮನಸ್ಸಿಲ್ಲದ ಪ್ರೋಗ್ರಾಮರುಗಳಿದ್ದಾರೆ. ಮೌಸ್ ಹಿಡಿದು ಹಿಡಿದು ಮಣಿಕಟ್ಟು ನೋಯಿಸಿಕೊಂಡವರಿದ್ದಾರೆ. ಪರದೆಯನ್ನು ಕಣ್ಣಿನಿಂದಲ್ಲ, ಕಿವಿಯಿಂದ ಓದುವವರಿದ್ದಾರೆ. ಪುಣೆಯಲ್ಲಿ ಬೆಳೆದ, ದೃಷ್ಟಿಯಿಲ್ಲದ ಕಂಪ್ಯೂಟರ್ ವಿಜ್ಞಾನಿ ಟಿ. ವಿ. ರಾಮನ್ 1995ರಲ್ಲಿ ಹೊರತಂದ ‘ಇಮ್ಯಾಕ್ಸ್‌ಸ್ಪೀಕ್’ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕಕ್ಕೇ ಮಾತು ಕಲಿಸಿತು. ಅದರೊಳಗೇ ಮೇಲ್ ಓದಿ ಉತ್ತರಿಸುವವರು ಇದ್ದಾರೆ. ಲಿನಕ್ಸ್ ಕರ್ನೆಲ್ ಕಟ್ಟುವವರ ಪತ್ರವ್ಯವಹಾರದಲ್ಲಂತೂ ಎಚ್‌ಟಿಎಂಎಲ್ ಮೇಲ್‌ಗೆ ಇವತ್ತಿಗೂ ಪ್ರವೇಶವಿಲ್ಲ. ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಾರೆ.

ಇವರು ಬಳಸುವ ಸಾಧನಗಳಿಗೂ ಒಂದು ವಂಶಾವಳಿ ಇದೆ. 1986ರಲ್ಲಿ ಡೇವ್ ಟೇಲರ್ ಬರೆದ ಎಲ್ಮ್, 1989ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪೈನ್, ಬಹಳ ಕಾಲದ ನಂತರ ಬಂದ ಅದರ ಮುಂದಿನ ಪೀಳಿಗೆ ಆಲ್ಪೈನ್. ಹೀಗೆ ಮರದ ಹೆಸರುಗಳೇ ನಡೆದು ಬಂದ ಮನೆಯಲ್ಲಿ 1995ರಲ್ಲಿ ಒಂದು ನಾಯಿ ಹುಟ್ಟಿತು. ಮೈಕೆಲ್ ಎಲ್ಕಿನ್ಸ್ ಬರೆದ ಆ ಪ್ರೋಗ್ರಾಮಿನ ಹೆಸರು ಮಟ್, ಅಂದರೆ ಅಡ್ಡತಳಿಯ ನಾಯಿ. ಹಿಂದಿನವರೆಲ್ಲರ ಗುಣ ಒಂದಿಷ್ಟೊಂದಿಷ್ಟು ಎತ್ತಿಕೊಂಡದ್ದಕ್ಕೆ ಆ ಹೆಸರು. (ಕರ್ನಾಟಕದ ಇಂಗ್ಲಿಷ್ ಪತ್ರಿಕೆಗಳು ಮಠವನ್ನೂ ಇದೇ ಸ್ಪೆಲಿಂಗಿನಲ್ಲಿ ಬರೆಯುತ್ತವೆ, ಹುಡುಕುವವರಿಗೆ ಪೀಠಾಧಿಪತಿಗಳೂ ಮೇಲ್ ಪ್ರೋಗ್ರಾಮೂ ಒಟ್ಟಿಗೆ ಸಿಗುವುದುಂಟು.)

ಈಗ ಮೇಲ್‌ನ ಒಳಗೆ ಇಣುಕಬೇಕು. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ‘ಮೈಮ್’ ಎಂಬ ಮಾನಕ ರೂಪಿಸಿದಾಗ ಒಂದೇ ಲಕೋಟೆಯಲ್ಲಿ ಒಂದೇ ವಿಷಯವನ್ನು ಹಲವು ರೂಪಗಳಲ್ಲಿ ಇಡುವ ವ್ಯವಸ್ಥೆ ಮಾಡಿದರು. ‘ಮಲ್ಟಿಪಾರ್ಟ್ ಆಲ್ಟರ್ನೇಟಿವ್’ ಎಂದು ಅದರ ಹೆಸರು. ಮೊದಲು ಸಾದಾ ಪಠ್ಯ, ಆಮೇಲೆ ಅಲಂಕಾರದ ರೂಪ. ಓದುವ ತಂತ್ರಾಂಶ ತನಗೆ ಅರ್ಥವಾಗುವ ಕೊನೆಯದನ್ನು ಆರಿಸಿಕೊಳ್ಳಲಿ ಎಂಬ ಲೆಕ್ಕ. ಮಟ್‌ನಂಥದ್ದರಲ್ಲಿ ಯಾವುದು ಮೊದಲು ಬೇಕೆಂದು ಓದುವವರೇ ಬರೆದಿಡಬಹುದು. ಬಹುತೇಕರು ಸಾದಾ ಪಠ್ಯ ಎಂದೇ ಬರೆದಿರುತ್ತಾರೆ. ಎರಡು ರೂಪಗಳಲ್ಲಿ ಹೇಳಿದ ವಿಷಯ ಒಂದೇ ಆಗಿರುತ್ತದೆ ಎಂಬ ನಂಬಿಕೆಯ ಮೇಲೆ ಈ ಏರ್ಪಾಡು ನಿಂತಿದೆ.

ಆ ನಂಬಿಕೆ ಮುರಿಯುವುದು ನಿಮ್ಮ ಟೆಂಪ್ಲೇಟಿನಲ್ಲಿ. ಪೈಥಾನ್ ಬಲ್ಲವರಿಗೆ ಜಾಂಗೋ ಎಂಬ ವೆಬ್ ಚೌಕಟ್ಟು ಗೊತ್ತಿರುತ್ತದೆ. ಅದರ ಮೇಲ್ ಕಳಿಸುವ ಫಂಕ್ಷನ್ನಿನಲ್ಲಿ ಸಾದಾ ಪಠ್ಯ ಕಡ್ಡಾಯ, ಎಚ್‌ಟಿಎಂಎಲ್ ಐಚ್ಛಿಕ. ಕಟ್ಟಿದವರಿಗೆ ಯಾವುದು ಮುಖ್ಯವಾಗಿತ್ತು ಎಂಬುದು ಅಲ್ಲೇ ತಿಳಿಯುತ್ತದೆ. ಆದರೆ ಸಂಜೆ ಆರಕ್ಕೆ ಕೆಲಸ ಮುಗಿಸಬೇಕಾದ ಡೆವಲಪರ್ ಏನು ಮಾಡುತ್ತಾರೆ? ಎಚ್‌ಟಿಎಂಎಲ್ ಬರೆದು, ಅದನ್ನೇ ‘ಸ್ಟ್ರಿಪ್ ಟ್ಯಾಗ್ಸ್’ ಎಂಬ ಒರಳಿಗೆ ಹಾಕಿ, ಉದುರಿದ್ದನ್ನು ಪಠ್ಯದ ಜಾಗದಲ್ಲಿ ತುಂಬುತ್ತಾರೆ. ಅದು ಟ್ಯಾಗುಗಳನ್ನು ತೆಗೆದುಹಾಕುತ್ತದೆ. ಲಿಂಕಿನ ವಿಳಾಸ ಇರುವುದೇ ಟ್ಯಾಗಿನ ಹೊಟ್ಟೆಯಲ್ಲಿ. ಸಿಪ್ಪೆಯ ಜೊತೆ ತಿರುಳೂ ಹೋಗಿ ‘ಇಲ್ಲಿ ಒತ್ತಿ’ ಎಂಬ ಪದ ಮಾತ್ರ ಉಳಿಯುತ್ತದೆ. ಬಿಲ್ಲಿನ ಮೇಲ್‌ನಲ್ಲಿ ಬಂದ ಮೂರು ‘ಇಲ್ಲಿ’ಗಳ ಜನ್ಮವೃತ್ತಾಂತ ಇದೇ. ಏರನ್ ಸ್ವಾರ್ಟ್ಸ್ ಬರೆದ ‘ಎಚ್‌ಟಿಎಂಎಲ್ ಟು ಟೆಕ್ಸ್ಟ್’ ಎಂಬ ಪುಟ್ಟ ಸಾಧನ ವಿಳಾಸಗಳನ್ನು ಪದದ ಪಕ್ಕದಲ್ಲೇ ಉಳಿಸಿಕೊಂಡು ಪಠ್ಯ ಮಾಡಿಕೊಡುತ್ತದೆ. ಒಂದು ಸಾಲು ಬದಲಿಸಿದರೆ ಸಾಕು.

ಇನ್ನು ಕೆಲವರು ಪಠ್ಯದ ಭಾಗವನ್ನು ಇಡುವುದೇ ಇಲ್ಲ. ಒಂದು ರೀತಿಯಲ್ಲಿ ಅವರೇ ವಾಸಿ. ಪೊಳ್ಳು ಪಠ್ಯವಿದ್ದರೆ ತಂತ್ರಾಂಶ ಅದನ್ನೇ ನಂಬಿ ತೋರಿಸುತ್ತದೆ. ಏನೂ ಇಲ್ಲದಿದ್ದರೆ ಎಚ್‌ಟಿಎಂಎಲ್ ಅನ್ನೇ ಕರಗಿಸಿ ಕುಡಿಯುವ ದಾರಿ ಹುಡುಕುತ್ತದೆ. ಆ ದಾರಿ ಹಳೆಯದು. ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಮಿಗೆ ಕೊಡಬೇಕೆಂದು ಬರೆದಿಡುವ ‘ಮೇಲ್‌ಕ್ಯಾಪ್’ ಎಂಬ ಚೀಟಿಯ ವಿಧಾನ 1993ರಿಂದಲೂ ಇದೆ. ಎಚ್‌ಟಿಎಂಎಲ್ ಬಂದರೆ ಪಠ್ಯರೂಪದ ಬ್ರೌಸರಿಗೆ ಕೊಡು, ಅದು ಉಗುಳಿದ್ದನ್ನು ಪರದೆಗೆ ತಾ ಎಂದು ಅದರಲ್ಲಿ ಒಂದು ಸಾಲು.

ಯಾವ ಬ್ರೌಸರ್ ಎನ್ನುವುದರ ಮೇಲೆ ಲಿಂಕುಗಳ ಹಣೆಬರಹ ನಿಂತಿದೆ. 1995ರ ಹೊತ್ತಿಗೆ ಜಪಾನಿನಲ್ಲಿ ಅಕಿನೋರಿ ಇಟೊ ಬರೆದ ‘ಡಬ್ಲ್ಯು3ಎಂ’ ಕೋಷ್ಟಕಗಳನ್ನು ಚಂದವಾಗಿ ಕಟ್ಟಿಕೊಡುತ್ತದೆ, ಆದರೆ ಸುಮ್ಮನೆ ಸುರಿ ಎಂದರೆ ವಿಳಾಸಗಳನ್ನು ನುಂಗಿಬಿಡುತ್ತದೆ. ಲಿಂಕಿಗೆ ಅಂಕಿ ಹಾಕು ಎಂದು ಬಾಯಿಬಿಟ್ಟು ಹೇಳಿದರಷ್ಟೇ ಹಾಕುತ್ತದೆ. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ ‘ಲಿಂಕ್ಸ್’ ಹೆಚ್ಚು ಸಭ್ಯ. ಪ್ರತಿ ಲಿಂಕಿನ ಪದಕ್ಕೂ ಚೌಕ ಆವರಣದಲ್ಲಿ [1], [2] ಎಂದು ಅಂಕಿ ಹಾಕಿ, ಕೊನೆಯಲ್ಲಿ ವಿಳಾಸಗಳ ಪಟ್ಟಿ ಕೊಡುತ್ತದೆ. ಒಳ್ಳೆಯ ಸಂಶೋಧನ ಗ್ರಂಥದ ಅಡಿಟಿಪ್ಪಣಿಯಂತೆ. (ಇದು ಕಾಡುಬೆಕ್ಕಿನ ಹೆಸರಿನ ಲಿಂಕ್ಸ್. ಕೊಂಡಿಗಳ ಹೆಸರಿನ ಇನ್ನೊಂದು ಲಿಂಕ್ಸ್ ಬ್ರೌಸರೂ ಇದೆ. ಇಂಗ್ಲಿಷಿನಲ್ಲಿ ಸ್ಪೆಲಿಂಗಾದರೂ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ.) ಈ ಮೊದಲ ಲಿಂಕ್ಸ್ ಬರೆದವರಲ್ಲಿ ಲೂ ಮೊಂಟುಲಿ ಒಬ್ಬರು. ಮುಂದೆ ನೆಟ್‌ಸ್ಕೇಪ್ ಸೇರಿ 1994ರಲ್ಲಿ ಬ್ರೌಸರಿನ ‘ಕುಕಿ’ಯನ್ನು ಕಂಡುಹಿಡಿದವರೂ ಅವರೇ. ಜಾಹೀರಾತಿನವರು ಜನರ ಬೆನ್ನುಹತ್ತಲು ಬಳಸಿಕೊಂಡ ಕುಕಿಯೂ, ಏನನ್ನೂ ಬಚ್ಚಿಡದೆ ವಿಳಾಸ ಪಟ್ಟಿ ಮಾಡುವ ಬ್ರೌಸರೂ ಒಂದೇ ಕೈಯಿಂದ ಬಂದವು.

ಅಂಕಿ ಸಿಕ್ಕಿತು, ವಿಳಾಸ ಸಿಕ್ಕಿತು, ತೆರೆಯುವುದು ಹೇಗೆ? ಅದಕ್ಕೆ ಎಲ್ಕಿನ್ಸ್ ಅವರದೇ ‘ಯುಆರ್‌ಎಲ್‌ವ್ಯೂ’ ಇದೆ. ಮೇಲ್ ಅನ್ನು ಅದಕ್ಕೆ ಹಾಯಿಸಿದರೆ ಒಳಗಿನ ವಿಳಾಸಗಳನ್ನೆಲ್ಲ ಹೆಕ್ಕಿ ಸಾಲಾಗಿ ನಿಲ್ಲಿಸುತ್ತದೆ. ಬಾಣದ ಕೀಲಿಯಿಂದ ಆರಿಸಿ ಎಂಟರ್ ಹೊಡೆದರೆ ಬ್ರೌಸರ್ ತೆರೆದುಕೊಳ್ಳುತ್ತದೆ. ಕಂಟ್ರೋಲ್-ಬಿ ಒತ್ತಿದರೆ ಇದು ನಡೆಯುವಂತೆ ಮಟ್ ಬಳಸುವವರು ಹೊಂದಿಸಿಕೊಂಡಿರುತ್ತಾರೆ. ಆದರೆ ನಿಮ್ಮ ಸುದ್ದಿಪತ್ರದಲ್ಲಿ ನಲವತ್ತು ಲಿಂಕುಗಳಿದ್ದು, ನಲವತ್ತೂ ಒಂದೇ ಜಾಡು ಹಿಡಿಯುವ ಸರ್ವರಿನ ಹೆಸರಿನಿಂದ ಶುರುವಾದರೆ? ಆಗ ಆ ಪಟ್ಟಿಯಲ್ಲಿ ಬೇಕಾದದ್ದನ್ನು ಹುಡುಕುವುದು ಸಂತೆಯಲ್ಲಿ ಕಳೆದುಹೋದ ಮಗುವನ್ನು ಶಾಲೆಯ ಸಮವಸ್ತ್ರ ನೋಡಿ ಹುಡುಕಿದಂತೆ. ಈ ಕಷ್ಟ ಕಂಡೇ ಮುಂದೆ ‘ಯುಆರ್‌ಎಲ್‌ಸ್ಕ್ಯಾನ್’ ಬಂತು. ಅದು ಪ್ರತಿ ವಿಳಾಸದ ಜೊತೆ ಅದರ ಆಚೀಚೆಯ ವಾಕ್ಯವನ್ನೂ ತೋರಿಸುತ್ತದೆ. ಆದರೆ ಆಚೀಚೆ ಇರುವುದೂ ‘ಇಲ್ಲಿ ಒತ್ತಿ’ ಆದರೆ, ವಾಕ್ಯ ತೋರಿಸಿ ಏನು ಬಂತು?

ಅಂದ ಹಾಗೆ, ಕನ್ನಡದಲ್ಲಿ ‘ಒತ್ತಿ’ ಎಂಬ ಪದವೇ ಎಷ್ಟೋ ಕಪ್ಪು ಕಿಟಕಿಗಳಲ್ಲಿ ಸರಿಯಾಗಿ ಕಾಣುವುದಿಲ್ಲ. ಟರ್ಮಿನಲ್ ಎಂಬುದು ಚೌಕಗಳ ಹಾಳೆ. ಒಂದು ಚೌಕಕ್ಕೆ ಒಂದು ಅಕ್ಷರ ಎಂಬುದು ಇಂಗ್ಲಿಷಿಗೆ ಒಪ್ಪುವ ನಿಯಮ. ಒತ್ತಕ್ಷರವನ್ನು ಜೋಡಿಸಲು ಬಾರದ ಟರ್ಮಿನಲ್ಲುಗಳಲ್ಲಿ ಅದು ‘ಒತ್‌ತಿ’ ಎಂದು ಮುರಿದು ನಿಲ್ಲುತ್ತದೆ. ಒತ್ತಲು ಹೇಳುವ ಪದದಲ್ಲೇ ಒತ್ತಿಲ್ಲ.

ಕನ್ನಡದ ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. ಇಮೇಲ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಷ್ಟೇ ಹಾಯುವ ಕೊಳವೆಯಲ್ಲಿ. ಬೇರೆ ಲಿಪಿಗಳನ್ನು ಅದರಲ್ಲಿ ತೂರಿಸಲು ‘ಕೋಟೆಡ್ ಪ್ರಿಂಟೆಬಲ್’ ಎಂಬ ಉಪಾಯ ಮಾಡಿದರು. ಕನ್ನಡದ ‘ಕ’ ಯುಟಿಎಫ್-8ರಲ್ಲಿ ಮೂರು ಬೈಟು. ಈ ಉಪಾಯದಲ್ಲಿ ಪ್ರತಿ ಬೈಟಿಗೂ ಒಂದು ಸಮ ಚಿಹ್ನೆ, ಎರಡು ಅಂಕಿ-ಅಕ್ಷರ. ಅಲ್ಲಿಗೆ ಒಂದು ‘ಕ’ಕ್ಕೆ ಒಂಬತ್ತು ಚಿಹ್ನೆ. ವೆಬ್ ವಿಳಾಸದೊಳಗೆ ಕನ್ನಡ ಬಂದರೂ ಇದೇ ಲೆಕ್ಕ. ಸಮ ಚಿಹ್ನೆಯ ಬದಲು ಶೇಕಡಾ ಚಿಹ್ನೆ, ಅಷ್ಟೇ ವ್ಯತ್ಯಾಸ. ‘ಕನ್ನಡ’ ಎಂಬ ಪದ ಯೂನಿಕೋಡಿನಲ್ಲಿ ಐದು ತುಣುಕು: ಕ, ನ, ಒತ್ತಕ್ಷರ ಜೋಡಿಸುವ ವಿರಾಮ ಚಿಹ್ನೆ, ಮತ್ತೊಂದು ನ, ಡ. ವಿಳಾಸದಲ್ಲಿ ಅದು 45 ಚಿಹ್ನೆ. ವಿಕಿಪೀಡಿಯಾದಲ್ಲಿ ‘ಕನ್ನಡ ಸಾಹಿತ್ಯ ಪರಿಷತ್ತು’ ಎಂಬ ಶೀರ್ಷಿಕೆಯ ಪುಟವನ್ನು ಯಾರಾದರೂ ಮೇಲ್ ಮಾಡಿದರೆ, ಪದಗಳ ನಡುವಿನ ಎರಡು ಅಡಿಗೆರೆಗಳೂ ಸೇರಿ ಆ ಶೀರ್ಷಿಕೆಯೊಂದೇ 182 ಚಿಹ್ನೆ ಆಗುತ್ತದೆ. 80 ಅಕ್ಷರ ಅಗಲದ ಟರ್ಮಿನಲ್ಲಿನಲ್ಲಿ ಎರಡು ಸಾಲು ತುಂಬಿ ಮೂರನೆಯದಕ್ಕೆ ಕಾಲಿಡುತ್ತದೆ. ಅದನ್ನು ನೋಡಿ ಇದು ಸಾಹಿತ್ಯ ಪರಿಷತ್ತೋ ಸಾರಿಗೆ ಇಲಾಖೆಯೋ ಎಂದು ಹೇಳಬಲ್ಲವರು ಯಾರೂ ಇಲ್ಲ.

ಕೋಟೆಡ್ ಪ್ರಿಂಟೆಬಲ್‌ನ ಆ ಸಮ ಚಿಹ್ನೆಯೇ ಇನ್ನೊಂದು ಗುಂಡಿ ತೋಡುತ್ತದೆ. ಗುರುತಿಗಾಗಿ ಬಳಸಿಕೊಂಡ ಮೇಲೆ, ನಿಜವಾದ ಸಮ ಚಿಹ್ನೆ ಬಂದಾಗ ಅದನ್ನೂ ವೇಷ ಮರೆಸಿಯೇ ಬರೆಯಬೇಕು. ಅದರ ವೇಷ ‘=3ಡಿ’. ಲಿಂಕುಗಳಲ್ಲಿ ಪ್ರಶ್ನಾರ್ಥಕದ ನಂತರ ಬರುವ ಗ್ರಾಹಕ ಸಂಖ್ಯೆ, ಟೋಕನ್ ಎಲ್ಲ ಸಮ ಚಿಹ್ನೆಗೆ ಅಂಟಿಕೊಂಡೇ ಬರುತ್ತವೆ. ಮೇಲ್‌ನ ಕಚ್ಚಾ ರೂಪ ತೆರೆದು ಅಲ್ಲಿಂದ ಲಿಂಕನ್ನು ನಕಲಿಸಿದವರ ಕೈಗೆ ಹತ್ತುವುದು ಸಿನಿಮಾ ಮಂದಿರದಲ್ಲಿ ಕಾಣದ ಈ ತ್ರೀಡಿ. ಸಾಲು 76 ಚಿಹ್ನೆ ಮೀರಬಾರದೆಂಬ ನಿಯಮವೂ ಇರುವುದರಿಂದ ಉದ್ದದ ವಿಳಾಸ ನಡುವೆ ತುಂಡಾಗಿ, ತುಂಡಾದಲ್ಲಿ ಮತ್ತೊಂದು ಸಮ ಚಿಹ್ನೆ ಬೀಳುತ್ತದೆ. ಪುಟ ತೆರೆಯುವುದಿಲ್ಲ, ‘ಈ ಲಿಂಕಿನ ಅವಧಿ ಮುಗಿದಿದೆ’ ಎಂಬ ಉತ್ತರ ಬರುತ್ತದೆ. ಮೇಲ್ ಅನ್ನು ಮೊದಲು ಬಿಡಿಸಿ ಆಮೇಲೆ ಹಾಯಿಸು ಎಂದು ಮಟ್‌ಗೆ ಹೇಳಿಡುವ ಸ್ವಿಚ್ ಇದೆ, ‘ಪೈಪ್ ಡಿಕೋಡ್’ ಎಂದು. ಗೊತ್ತಿದ್ದವರಿಗೆ ಇದು ಅರ್ಧ ನಿಮಿಷದ ಕೆಲಸ, ಗೊತ್ತಿಲ್ಲದವರಿಗೆ ಅರ್ಧ ದಿನ.

ಮಟ್ ಕೂಡ ಸಾಧುವಲ್ಲ ಎಂದು ಒಪ್ಪಿಕೊಳ್ಳಬೇಕು. ಸಾಲು ಮಡಚಿದಾಗ ಮುಂದಿನ ಸಾಲಿನ ತಲೆಗೆ ತಾನಾಗಿಯೇ ಒಂದು ‘+’ ಗುರುತು ಇಡುವ ಚಾಳಿ ಅದಕ್ಕಿದೆ. ಮೌಸಿನಲ್ಲಿ ಎಳೆದು ನಕಲಿಸಿದರೆ ಆ ಪ್ಲಸ್ಸೂ ವಿಳಾಸದೊಳಗೆ ಸೇರಿಕೊಳ್ಳುತ್ತದೆ. ಆ ಗುರುತು ಬೀಳದಂತೆ ಮಾಡುವುದು ಮಟ್ ಬಳಸುವವರು ಬೇಗ ಕಲಿಯುವ ಪಾಠಗಳಲ್ಲೊಂದು.

ಕನ್ನಡದಲ್ಲಿ ಮೇಲ್ ಬರೆಯುವವರಿಗಷ್ಟೇ ಹೇಳಬೇಕಾದ ಒಂದು ಮಾತಿದೆ. ಇಂಗ್ಲಿಷಿನ ಯಾವ ಕೈಪಿಡಿಯೂ ಇದನ್ನು ಹೇಳಿಕೊಡುವುದಿಲ್ಲ. ಕನ್ನಡದ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಳ್ಳುತ್ತದೆ. ‘ಹೆಚ್ಚಿನ ವಿವರ ನಮ್ಮ ಜಾಲತಾಣದಲ್ಲಿ’ ಎಂದು ಬರೆದು ರೂಢಿಯಾದ ಕೈ, ವಿಳಾಸ ಬರೆದಾಗಲೂ ‘ಡಾಟ್ ಇನ್’ಗೆ ‘ನಲ್ಲಿ’ಯನ್ನು ಅಂಟಿಸಿಬಿಡುತ್ತದೆ. ಯುಆರ್‌ಎಲ್‌ವ್ಯೂ ವಿಳಾಸ ಹುಡುಕುವ ಬಗೆ ಸರಳ: ಆರಂಭದ ಗುರುತು ಸಿಕ್ಕಿದ ಮೇಲೆ ಖಾಲಿ ಜಾಗ, ಜೋಡಿ ಉದ್ಧರಣ ಚಿಹ್ನೆ ಅಥವಾ ‘>’ ಬರುವ ತನಕ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ; ಬಾಲದಲ್ಲಿ ಪೂರ್ಣವಿರಾಮವೋ ಅಲ್ಪವಿರಾಮವೋ ಇದ್ದರೆ ಉದುರಿಸುತ್ತದೆ. ಸಪ್ತಮೀ ವಿಭಕ್ತಿಯನ್ನು ಉದುರಿಸಲು ಅದಕ್ಕೆ ಯಾರೂ ಕಲಿಸಿಲ್ಲ. ಬ್ರೌಸರು ‘ನಲ್ಲಿ’ಯನ್ನೂ ಸೇರಿಸಿಕೊಂಡು ಇಲ್ಲದ ಜಾಲತಾಣ ಹುಡುಕುತ್ತಾ ಹೋಗುತ್ತದೆ. ಪರಿಹಾರ ಪಾಣಿನಿಯನ್ನೋ ಕೇಶಿರಾಜನನ್ನೋ ಕೇಳುವಷ್ಟು ದೊಡ್ಡದಲ್ಲ. ವಾಕ್ಯವನ್ನು ಕೋಲನ್ನಿನ ಎರಡು ಚುಕ್ಕಿಯಿಂದ ನಿಲ್ಲಿಸಿ, ವಿಳಾಸವನ್ನು ಮುಂದಿನ ಸಾಲಿನಲ್ಲಿ ಒಂಟಿಯಾಗಿ ಬರೆದರಾಯಿತು. ಅದನ್ನು ‘<’ ಮತ್ತು ‘>’ ನಡುವೆ ಇಟ್ಟರೆ ಇನ್ನೂ ಒಳ್ಳೆಯದು. ವೆಬ್ ವಿಳಾಸಗಳ ರಚನೆಯನ್ನು ಗೊತ್ತುಮಾಡಿದ 2005ರ ಮಾನಕದ ಅನುಬಂಧವೇ ಸಾದಾ ಪಠ್ಯದಲ್ಲಿ ಹೀಗೆ ಬೇಲಿ ಹಾಕಲು ಸಲಹೆ ಕೊಡುತ್ತದೆ.

ಇಲ್ಲಿಯವರೆಗಿನದು ಅನುಕೂಲದ ಮಾತು. ಇನ್ನು ಮುಂದಿನದು ಮೋಸದ ಮಾತು.

ಎಚ್‌ಟಿಎಂಎಲ್ ಲಿಂಕಿಗೆ ಎರಡು ಮುಖ: ಕಾಣುವ ಪದ, ಕಾಣದ ವಿಳಾಸ. ಕಳ್ಳರು ಬದುಕುವುದು ಈ ಎರಡರ ನಡುವಿನ ಸಂದಿಯಲ್ಲಿ. ಮೇಲೆ ಬ್ಯಾಂಕಿನ ವಿಳಾಸ ಬರೆದು ಕೆಳಗೆ ತಮ್ಮ ಅಂಗಡಿಯ ವಿಳಾಸ ಇಡುತ್ತಾರೆ. ಲಿಂಕ್ಸ್ ಮೂಲಕ ಹಾದುಬಂದ ಮೇಲ್‌ನಲ್ಲಿ ಈ ಆಟ ನಡೆಯದು; ಪದ ಮೇಲೆ, ವಿಳಾಸ ಕೆಳಗಿನ ಪಟ್ಟಿಯಲ್ಲಿ, ಎರಡೂ ಬಟ್ಟಬಯಲು. ಆಲ್ಪೈನ್ ಅಂತೂ ಲಿಂಕ್ ತೆರೆಯುವ ಮೊದಲು ವಿಳಾಸ ತೋರಿಸಿ ‘ನೋಡಬೇಕೇ?’ ಎಂದು ಕೇಳುತ್ತದೆ. 2018ರ ಮೇ ತಿಂಗಳಲ್ಲಿ ಜರ್ಮನಿ ಮತ್ತು ಬೆಲ್ಜಿಯಂನ ಸಂಶೋಧಕರು ‘ಇಫೇಲ್’ ಎಂಬ ದೋಷ ಬಯಲು ಮಾಡಿದಾಗಲೂ ಇದೇ ಕಂಡಿತು. ಬೀಗ ಹಾಕಿ ಕಳಿಸಿದ ಮೇಲ್‌ನ ಸುತ್ತ ಚಿತ್ರದ ಟ್ಯಾಗ್ ಹೊದಿಸಿದರೆ, ಓದುವ ತಂತ್ರಾಂಶ ಬೀಗ ತೆಗೆದು ಆ ಗುಟ್ಟನ್ನೇ ವಿಳಾಸದ ಭಾಗವೆಂದು ತಿಳಿದು, ಚಿತ್ರ ತರಲು ಹೋಗಿ ದಾಳಿಕೋರನ ಸರ್ವರಿಗೆ ಒಪ್ಪಿಸಿ ಬರುತ್ತಿತ್ತು. ಚಿತ್ರ ತರಲು ಹೋಗದ ಪಠ್ಯದ ಓದುಗದಲ್ಲಿ ಆ ಬಾಗಿಲೇ ಇಲ್ಲ.

ಇಷ್ಟು ಎಚ್ಚರದಿಂದ ವಿಳಾಸ ನೋಡುವ ಓದುಗರಿಗೆ ನೀವು ಕೊಡುವುದಾದರೂ ಏನನ್ನು? 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳಿಗೆಲ್ಲ ಒಂದು ಆದೇಶ ಕೊಟ್ಟಿತು: ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕು. ಅಸಲಿ ಬ್ಯಾಂಕು ಯಾವುದು, ನಕಲಿ ಯಾವುದು ಎಂದು ಬಾಲ ನೋಡಿಯೇ ಗ್ರಾಹಕರು ಗುರುತಿಸಲಿ ಎಂಬ ಉದ್ದೇಶ. ಒಳ್ಳೆಯ ಕ್ರಮ. ಆದರೆ ಯಾರು ಯಾವ ಗುಂಡಿ ಒತ್ತಿದರೆಂದು ಎಣಿಸುವ ಆಸೆಗೆ ಕಳಿಸುವವರು ಎಲ್ಲ ಲಿಂಕುಗಳನ್ನೂ ಮೂರನೆಯವರ ಸರ್ವರಿನ ಮೇಲೆ ಹಾಯಿಸಿದರೆ, ಮೇಲ್‌ನಲ್ಲಿ ಕಾಣುವುದು ಆ ಮೂರನೆಯವರ ಹೆಸರು, ಅದರ ಹಿಂದೆ ಇನ್ನೂರು ಮುನ್ನೂರು ಅಕ್ಷರಗಳ ಗೊಂಚಲು. ಬಾಲ ನೋಡು ಎಂದು ಹೇಳಿಕೊಟ್ಟು ಬಾಲಕ್ಕೆ ಚೀಲ ಕಟ್ಟಿದಂತೆ. ರಕ್ಷಣೆಯ ಹೆಸರಿನಲ್ಲೂ ಇದು ನಡೆಯುತ್ತದೆ. ಮೈಕ್ರೋಸಾಫ್ಟ್‌ನ ಸೇಫ್ ಲಿಂಕ್ಸ್, ಪ್ರೂಫ್‌ಪಾಯಿಂಟ್‌ನ ಯುಆರ್‌ಎಲ್ ಡಿಫೆನ್ಸ್ ಕಚೇರಿಗೆ ಬರುವ ಮೇಲ್‌ಗಳ ಲಿಂಕುಗಳನ್ನು ತಮ್ಮ ವಿಳಾಸದೊಳಗೆ ಸುತ್ತಿ ಕೊಡುತ್ತವೆ. ಅವು ಹಿಡಿಯುವ ಕಳ್ಳರಿದ್ದಾರೆ, ನಿಜ. ಆದರೆ ಓದುವವರು ತಮ್ಮ ಕಣ್ಣಿಂದಲೇ ಹಿಡಿಯುತ್ತಿದ್ದ ಕಳ್ಳನಿಗೂ ಅಸಲಿ ಲಿಂಕಿನದೇ ಸಮವಸ್ತ್ರ ತೊಡಿಸಿಬಿಡುತ್ತವೆ.

ಟರ್ಮಿನಲ್ ಲೋಕವೂ ಈಗ ಆ ದಾರಿಗೆ ಇಣುಕುತ್ತಿದೆ. 2017ರಿಂದ ಗ್ನೋಮ್ ಟರ್ಮಿನಲ್, ಐಟರ್ಮ್2 ಮುಂತಾದವು ಪದದ ಹಿಂದೆ ವಿಳಾಸ ಅಡಗಿಸಿಡುವ, ಒತ್ತಿದರೆ ತೆರೆದುಕೊಳ್ಳುವ ಲಿಂಕುಗಳನ್ನು ಬೆಂಬಲಿಸುತ್ತಿವೆ. ಮುನ್ನೂರು ಅಕ್ಷರದ ಗೊಂಚಲು ಕಣ್ಣಿಗೆ ಬೀಳದಿರುವುದು ಹಿತವೇ. ಆದರೆ ಯಾವುದನ್ನು ಬೇಡವೆಂದು ಇಲ್ಲಿಗೆ ಬಂದರೋ ಅದೇ ಹಿಂಬಾಗಿಲಿನಿಂದ ಬಂದು ಕೂತಂತಾಯಿತಲ್ಲ ಎಂದು ಹಳಬರು ಗೊಣಗುವುದರಲ್ಲಿ ಹುರುಳಿಲ್ಲದಿಲ್ಲ.

ನೀವು ಚೆನ್ನಾಗಿ ಮಾಡಿದ್ದನ್ನೂ ಹೇಳಬೇಕು. ‘ಮೇಲ್ ಬೇಡ’ ಎನ್ನುವ ಲಿಂಕು ಈಗ ಮೇಲ್‌ನ ತಲೆಬರಹದಲ್ಲೇ ಬರುತ್ತಿದೆ. ಆ ಜಾಗ 1998ರಿಂದಲೂ ಮೀಸಲಿತ್ತು, ಒಂದೇ ಏಟಿಗೆ ಬಿಡಿಸಿಕೊಳ್ಳುವ ವಿಧಾನ 2017ರಲ್ಲಿ ಸೇರಿತು. ಆದರೂ 2024ರಲ್ಲಿ ಜಿಮೇಲ್ ಮತ್ತು ಯಾಹೂ ಸಗಟು ಮೇಲ್ ಕಳಿಸುವವರಿಗೆ ಇದು ಕಡ್ಡಾಯ ಎಂದ ಮೇಲೆಯೇ ಹಲವರಿಗೆ ನೆನಪಾದದ್ದು. ಮಟ್‌ನಲ್ಲಿ ‘ಎಚ್’ ಒತ್ತಿದರೆ ಪೂರ್ತಿ ತಲೆಬರಹ ತೆರೆದುಕೊಳ್ಳುತ್ತದೆ. ಅಲ್ಲಿ ಆ ವಿಳಾಸ ಇರುವುದು ಹೇಗೆ? ‘<’ ಮತ್ತು ‘>’ ನಡುವೆ, ಅಂಟಿಕೊಂಡ ಪ್ರತ್ಯಯವಿಲ್ಲದೆ, ಯಾವ ‘ಇಲ್ಲಿ’ಯ ಹಿಂದೆಯೂ ಅಡಗದೆ. ದೊಡ್ಡವರು ಗದರಿಸಿದಾಗ ಬರೆಯಲು ಬಂದದ್ದು ಬಿಲ್ಲಿನ ಲಿಂಕಿಗೂ ಬರಬಾರದೇಕೆ?

ಚಿತ್ರ, ಬಣ್ಣ, ಗುಂಡಿ ಯಾವುದನ್ನೂ ಬಿಡಿ ಎಂದು ಈ ಪತ್ರ ಕೇಳುತ್ತಿಲ್ಲ. ವಿದ್ಯುತ್ ಬಿಲ್ಲಿನ ಕೋಷ್ಟಕವೋ ರೈಲು ಟಿಕೆಟ್ಟಿನ ವಿವರವೋ ಎಚ್‌ಟಿಎಂಎಲ್‌ನಲ್ಲೇ ಓದಲು ಸುಲಭ. ಕೇಳುತ್ತಿರುವುದು ಅದರ ಪಕ್ಕದಲ್ಲಿ ಹೋಗುವ ಪಠ್ಯದ ಭಾಗವನ್ನು ಯಂತ್ರದ ಉಗುಳೆಂದು ಬಿಡದೆ ಒಬ್ಬ ಮನುಷ್ಯ ಬರೆಯಲಿ ಎಂದು. ‘ಜೂನ್ ತಿಂಗಳ ಬಿಲ್’ ಎಂದು ಬರೆದು, ಕೆಳಗಿನ ಸಾಲಿನಲ್ಲಿ ನಿಮ್ಮದೇ ಹೆಸರಿನ, ಒಂದು ಸಾಲಿಗೆ ಸಾಲುವ ವಿಳಾಸ. ಪರದೆ ಓದಿ ಹೇಳುವ ತಂತ್ರಾಂಶದಲ್ಲಿ ಲಿಂಕುಗಳ ಪಟ್ಟಿಯನ್ನಷ್ಟೇ ಕೇಳಿಸಿಕೊಳ್ಳುವವರಿಗೂ ಆಗ ‘ಇಲ್ಲಿ, ಇಲ್ಲಿ, ಇಲ್ಲಿ’ ಎಂಬ ಜಪ ತಪ್ಪುತ್ತದೆ.

ಮುಂದಿನ ಮೇಲ್ ಹೊರಡುವ ಮೊದಲು ಅದರ ಒಂದು ಪ್ರತಿಯನ್ನು ನಿಮಗೇ ಕಳಿಸಿಕೊಳ್ಳಿ. ಮಟ್‌ನಲ್ಲಿ ತೆರೆದು ‘ವಿ’ ಒತ್ತಿ. ಲಕೋಟೆಯೊಳಗಿನ ಭಾಗಗಳು ಒಂದರ ಕೆಳಗೊಂದು ಕಾಣುತ್ತವೆ. ಸಾದಾ ಪಠ್ಯ ಎಂದಿರುವುದನ್ನು ತೆರೆದು, ಪಕ್ಕದ ಮೇಜಿನವರನ್ನು ಕರೆದು, ಬಿಲ್ ಎಲ್ಲಿದೆ ತೋರಿಸಿ ಎಂದು ಕೇಳಿ. ಮೌಸ್ ಮಾತ್ರ ಕೊಡಬೇಡಿ.

ಇಂತಿ,
ಕಪ್ಪು ಕಿಟಕಿಯಲ್ಲಿ ಅಂಚೆ ಓದುವವರ ಪರವಾಗಿ